ಬೇಲಿಯ ನಲ್ಲಿ

ಹೊನ್ನವಳ್ಳಿ ಕಡೆಯ ಒಂದು ಊರಲ್ಲಿ ಹೆಂಗಸರೇ ಸೇರಿ ಕುಡಿಯುವ ನೀರಿನ ಪರೀಕ್ಷೆ ಶುರು ಮಾಡಿದ್ದರು. ಕಿಟ್ ಬಳಸುವುದನ್ನು ಹೇಳಿಕೊಡಲು ಸ್ವಯಂಸೇವಕನಾಗಿ ಹೋಗಿದ್ದೆ. ಅವತ್ತು ಶಿವಣ್ಣನವರ ಬೋರ್‌ವೆಲ್ ಸರದಿ. ತೆಂಗಿನ ತೋಟದ ಬೇಲಿಗೆ ನಲ್ಲಿ ಹಾಕಿಸಿ, ಬೀದಿಗೆಲ್ಲ ಪುಕ್ಕಟೆ ನೀರು ಬಿಟ್ಟ ಮನುಷ್ಯ.

ಔಷಧಿ ಹನಿ ಬಿದ್ದ ಮೇಲೆ ಗುಲಾಬಿ ಬಣ್ಣಕ್ಕೆ ಬರಬೇಕಿದ್ದ ನೀರು ಹಳದಿಯಾಯಿತು. ಫ್ಲೋರೈಡ್ ಜಾಸ್ತಿ. ಹೇಳುವ ಕೆಲಸ ಗುಂಪಿನ ಗೌರಮ್ಮನ ಮೇಲೆ ಬಿತ್ತು. ಆಕೆಯ ಮಕ್ಕಳು ಬೆಳೆದದ್ದೂ ಅದೇ ನೀರಲ್ಲಿ.

"ಅಣ್ಣಾ, ಇದು ಕುಡಿಯೋ ನೀರಲ್ಲ ಕಣಣ್ಣ. ಹಲ್ಲು, ಮೂಳೆ ಎಲ್ಲಾ ಹಾಳಾಯ್ತವೆ."

ಶಿವಣ್ಣ ನಲ್ಲಿಯನ್ನೇ ನೋಡುತ್ತ ನಿಂತರು. "ಪುಣ್ಯ ಬರ್ಲಿ ಅಂತ ಬುಟ್ಟಿದ್ದೆ ಕಣಮ್ಮ."

"ನಿಮಗೇನು ಗೊತ್ತಿತ್ತು?" ಅಂದೆ. ಸಮಾಧಾನಕ್ಕೆ ಆಡಿದ ಮಾತು, ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ಅವರೇ ಹೋಗಿ ನಲ್ಲಿಗೆ ಗೋಣಿ ಸುತ್ತಿ, ತೆಂಗಿನ ಹುರಿಯಿಂದ ಬಿಗಿದರು. ಆಮೇಲೆ ಕೊಬ್ಬರಿಗೆ ಬಿಟ್ಟಿದ್ದ ಮರದಿಂದ ಎಳನೀರು ಕೀಳಿಸಿ, ನೆಂಟರಿಗೆ ಕೊಡುವ ಹಾಗೆ ಕೆತ್ತಿ ನನ್ನ ಕೈಗಿಟ್ಟರು. ಬಾಯಿಗಿಡುವಷ್ಟರಲ್ಲಿ ತಡೆದರು.

"ಈ ಮರ ಕುಡಿದಿರೋದೂ ಅದೇ ನೀರು ಕಣ್ರೀ. ಇದಕ್ಕೂ ಎರಡು ಹನಿ ಹಾಕಿ ನೋಡ್ಬುಡಿ."

ಕಿಟ್ ಇರುವುದು ಬರಿ ನೀರಿಗೆ, ಎಳನೀರಿಗಲ್ಲ. ಸುಮ್ಮನೆ ಕುಡಿದುಬಿಟ್ಟೆ. ಮುಗಿಯುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಎಲ್ಲಿ ಹಳದಿಯಾಗುತ್ತದೋ ಎಂಬಂತೆ.