ಮೊಣಕೈಯ ಒಳಗಂಟು

೧೯೩೪ರ ಮಾಗಿಯಲ್ಲಿ ಕಾಕನಕೋಟೆಯ ಕಾಡಿನಲ್ಲಿ ಒಂದು ಎಡಗೈಯ ಮೂಳೆಗಳು ಸಿಕ್ಕಿದವು. ತೋಳಿನ ಮೂಳೆಯೂ ಮುಂಗೈಯ ಎರಡು ಮೂಳೆಗಳೂ ಮೊಣಕೈಯ ಹತ್ತಿರ ಒಣಗಿದ ನಾರಿನಿಂದ ಇನ್ನೂ ಕೂಡಿಕೊಂಡಿದ್ದವು. ಉಳಿದ ದೇಹ ಇರಲಿಲ್ಲ.

ಮರ ಕೊಯ್ಯಲು ಆ ಕಾಡಿಗೆ ಹೋಗಿದ್ದ ಹಂಪಾಪುರದ ಅಣ್ಣತಮ್ಮಂದಿರು, ಜವರಯ್ಯ ಮತ್ತು ಸಿದ್ದಯ್ಯ, ದೀಪಾವಳಿಗೂ ಮನೆಗೆ ಬಂದಿರಲಿಲ್ಲ. ದಿಮ್ಮಿ ಸೀಳುವ ಗುಂಡಿಯ ಮೇಲೆ ಅಣ್ಣ, ಕೆಳಗೆ ತಮ್ಮ ನಿಂತು ಒಂದೇ ಗರಗಸ ಎಳೆಯುತ್ತಿದ್ದವರು. ಗುಂಡಿಯ ಸುತ್ತ ಹುಲಿಯ ಹೆಜ್ಜೆ ಇತ್ತೆಂದು ಕಾಡಿನ ಗಾರ್ಡುಗಳು ಹೇಳಿದರು.

ಆಗ ನಾನು ಹೆಗ್ಗಡದೇವನಕೋಟೆಯಲ್ಲಿ ಶಾಲೆಯ ಮೇಷ್ಟರು. ಮಹಜರಿಗೆ ಸಾಕ್ಷಿಯಾಗಲು ದಫೇದಾರರು ನನ್ನನ್ನು ಆಸ್ಪತ್ರೆಗೆ ಕರೆಸಿದರು. ಜಗಲಿಯಲ್ಲಿ ಗೋಣಿತಾಟಿನ ಮೇಲೆ ಮೂಳೆಗಳನ್ನು ಇಟ್ಟಿದ್ದರು. ಎದುರಿಗೆ ಅಣ್ಣತಮ್ಮಂದಿರ ತಾಯಿ ಕೂತಿದ್ದಳು. ಅವಳ ಹಿಂದೆ ಇಬ್ಬರು ಸೊಸೆಯರು, ಜವರಯ್ಯನ ಹೆಂಡತಿ ಕೆಂಪಮ್ಮ, ಸಿದ್ದಯ್ಯನ ಹೆಂಡತಿ ಚಿಕ್ಕತಾಯಿ. ಯಾರದೆಂದು ಗೊತ್ತಾದರೆ ಮೂಳೆಯನ್ನು ಸಂಸ್ಕಾರಕ್ಕೆ ಮನೆಯವರಿಗೆ ಕೊಡುತ್ತಿದ್ದರು. ಗೊತ್ತಾಗದಿದ್ದರೆ ಅನಾಥ ಶವವೆಂದು ಪೊಲೀಸರೇ ಹೂಳಬೇಕಿತ್ತು.

ಡಾಕ್ಟರು ಮೊಣಕೈಯ ಹಿಂದಿನ ಚೂಪನ್ನು ತೋರಿಸಿದರು. ತೋಳಿನ ಹಿಂಬದಿಯ ಸ್ನಾಯು ಅಂಟುವ ಆ ಜಾಗ ಒರಟಾಗಿ ಉಬ್ಬಿತ್ತು. ಬಹಳ ವರ್ಷ ದುಡಿದ ಕೈ ಎಂದರು. ಅದು ಇಬ್ಬರಿಗೂ ಹೊಂದುವ ಮಾತು.

ಆಮೇಲೆ ನನ್ನ ಕೈ ಮಡಿಸಿ ಮೊಣಕೈಯ ಒಳಬದಿಯ ಗಂಟನ್ನು ಒತ್ತಿದರು. ಮುಷ್ಟಿ ಕಟ್ಟಿಸುವ ಸ್ನಾಯುಗಳು ಇಲ್ಲಿಂದಲೇ ಹೊರಡುತ್ತವೆ. ಬೆಳೆಯುವ ವಯಸ್ಸಿನಲ್ಲಿ ಬಿದ್ದರೆ ಅವು ಈ ಗಂಟನ್ನೇ ಕಿತ್ತು ಕೆಳಕ್ಕೆ ಎಳೆಯುತ್ತವೆ ಎಂದರು. ಗೋಣಿಯ ಮೇಲಿದ್ದ ಮೂಳೆಯಲ್ಲಿ ಆ ಗಂಟು ತನ್ನ ಜಾಗ ಬಿಟ್ಟು ಕೆಳಗೆ ಕೂಡಿಕೊಂಡಿತ್ತು.

"ನಿನ್ನ ಮಕ್ಕಳಲ್ಲಿ ಯಾರಮ್ಮ ಚಿಕ್ಕಂದಿನಲ್ಲಿ ಕೈ ಮುರ್ಕೊಂಡಿದ್ದು?" ಎಂದು ಕೇಳಿದರು.

ಮುದುಕಿ ತಿರುಗಿ ಸೊಸೆಯರನ್ನು ನೋಡಿದಳು. "ಇಬ್ರೂ ಬಿದ್ದೋರೇ ಕಣ್ ಬುದ್ದಿ. ಮರ ಅತ್ದೆ ಇರೋ ಐಕ್ಳು ಎಲ್ಲವ್ರೆ?"

"ಮುರ್ಕೊಂಡಿದ್ದು ಯಾರು?"

ಚಿಕ್ಕತಾಯಿ ಓರಗಿತ್ತಿಯ ಸೆರಗನ್ನು ಹಿಡಿದುಕೊಂಡಿದ್ದಳು.

"ಯಾರು ಅಂತ ಏಳತ್ತೆ," ಎಂದಳು ಕೆಂಪಮ್ಮ. "ಮಡಿಕಂಡು ಏನ್ ಮಾಡೀಯೆ? ನಾನೇನ್ ಮನೆ ಬುಟ್ಟು ಓಡೋಯ್ತೀನಾ?"

"ಅಕ್ಕ, ಸುಮ್ನಿರಕ್ಕ."

"ನೀ ಬುಡು." ಸೆರಗು ಬಿಡಿಸಿಕೊಂಡು ಕೆಂಪಮ್ಮ ಮುಂದೆ ಬಂದಳು. "ಮುಟ್ಬೋದಾ ಬುದ್ದಿ?"

ಡಾಕ್ಟರು ತಲೆಯಾಡಿಸಿದರು. ಅವಳು ಹೆಬ್ಬೆರಳಿನಿಂದ ಆ ಗಂಟನ್ನೂ ಅದರ ಹಿಂದಿನ ಸಂದನ್ನೂ ಸವರಿದಳು. ಬೆರಳು ತಡಕಾಡಲಿಲ್ಲ.

"ನಮ್ಮೋರ್ದೇ ಕಣ್ರೀ. ಗರಗಸ ಎಳ್ದು ಬಂದಾಗ ಎಣ್ಣೆ ತಿಕ್ತಿದ್ದೆ. ಇಲ್ಲಿ ಮುಟ್ಟುದ್ರೆ ಕಿರುಬೆಳ್ಳು ಜುಮ್ಮಂತದೆ, ಅಲ್ಲೊಂದ್ ಬುಟ್ಟು ತಿಕ್ಕು ಅಂತ ಬಯ್ಯೋರು."

ಕಿರುಬೆರಳಿನ ನರ ಹಾಯುವುದು ಆ ಸಂದಿನಲ್ಲೇ ಎಂದು ಡಾಕ್ಟರು ದಫೇದಾರರಿಗೆ ಹೇಳಿದರು. ಮಹಜರಿನಲ್ಲಿ ಜವರಯ್ಯನ ಹೆಸರು ಬರೆದರು. ನಾನು ರುಜು ಹಾಕಿದೆ.

ಚಿಕ್ಕತಾಯಿ ಗೋಡೆಗೆ ಒರಗಿ ಉಸಿರು ಬಿಟ್ಟಳು. ಅದು ನಮಗೆಲ್ಲ ಕೇಳಿಸಿತು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು. ಕೆಂಪಮ್ಮ ಅವಳತ್ತ ತಿರುಗಿ, "ಅಳ್ಬ್ಯಾಡ ಕಣೇ. ನಿನ್ ಬಳೆ ಇನ್ನೂ ಐತೆ," ಎಂದಳು.

ಮೂಳೆಗಳನ್ನು ಅದೇ ಗೋಣಿಯಲ್ಲಿ ಸುತ್ತಿ ಗಾಡಿಯಲ್ಲಿ ಹಂಪಾಪುರಕ್ಕೆ ಒಯ್ದರು. ಕೆಂಪಮ್ಮನ ಬಳೆ ತೆಗೆಸಿದರು, ತಿಥಿ ಆಯಿತು.

ನನಗೆ ಈಗಲೂ ಮೊಣಕೈ ಮೇಜಿಗೆ ತಗುಲಿ ಕಿರುಬೆರಳು ಜುಮ್ಮೆಂದರೆ, ಬರೆಯುತ್ತಿದ್ದ ಕೈ ನಿಂತುಬಿಡುತ್ತದೆ.

ಹೋದ ವರ್ಷ ಹಂಪಾಪುರಕ್ಕೆ ಹೋಗಿದ್ದೆ. ಮುದುಕಿ ತೀರಿಕೊಂಡಿದ್ದಾಳೆ. ಸೊಸೆಯರಿಬ್ಬರೂ ಅದೇ ಮನೆಯಲ್ಲಿದ್ದಾರೆ. ಸಿದ್ದಯ್ಯನ ಸುಳಿವು ಸಿಕ್ಕಿಲ್ಲ. ಚಿಕ್ಕತಾಯಿ ಬಳೆ ತೊಡುತ್ತಾಳೆ.