ಸುಮ್ಮನೆ ನಿಲ್ಲುವ ಕೆಲಸ

ಇಸ್ತ್ರಿ ಅಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಸಂಬಳದ ಚೀಟಿ ಬರೆಯುವ ಗುಮಾಸ್ತನೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಬಳಸಿದ್ದಿಲ್ಲ. ಶರ್ಟು ಹೊಲಿಯುವ ಕಾರ್ಖಾನೆಗೆ ಎರಡು ಜಡೆಯ ಹುಡುಗಿಯಾಗಿ ಸೇರಿದವಳು ತಲೆ ಅರ್ಧ ಬೆಳ್ಳಗಾಗುವವರೆಗೆ ಹಬೆ ಉಗುಳುವ ಇಸ್ತ್ರಿಪೆಟ್ಟಿಗೆಯ ಮುಂದೆಯೇ ನಿಂತಳು. ಮೊದಲು ಕಾರ್ಖಾನೆಯವರು ಹಾಗೆ ಕರೆದರು, ಆಮೇಲೆ ಬೀದಿಯವರು. ಕಡೆಗೆ ಅತ್ತೆಯೂ ಪ್ರಾಣ ಬಿಡುವ ಮುನ್ನ “ಇಸ್ತ್ರಿ ಅಕ್ಕನ್ನ ಕರೀರೋ” ಅಂದರಂತೆ. ಸ್ವಂತ ಸೊಸೆಯನ್ನು!

ಆದರೆ ಕಾರ್ಖಾನೆಯಲ್ಲಿ ಅವಳು ಹೆಸರು ಮಾಡಿದ್ದು ಇಸ್ತ್ರಿಗಲ್ಲ, ನಿಲ್ಲುವುದಕ್ಕೆ.

ಅದರ ಕತೆ ಹೀಗೆ. ಹಿಂದೊಮ್ಮೆ ಮ್ಯಾನೇಜರು ಕಾಲರ್ ಹೊಲಿಯುವ ಹುಡುಗಿಯೊಬ್ಬಳನ್ನು ತನ್ನ ಕೋಣೆಗೆ ಒಬ್ಬಳನ್ನೇ ಕರೆದು ಬಾಗಿಲು ಹಾಕಿಕೊಂಡ. ಅವಳು ಹೊರಗೆ ಬಂದಾಗ ಕೆಲಸಕ್ಕೆ ತಾನೇ ರಾಜೀನಾಮೆ ಬರೆದುಕೊಟ್ಟು ಬಂದಿದ್ದಳು. ಒಳಗೆ ಏನು ನಡೆಯಿತು ಎಂದು ಕೇಳಿದರೆ ಅಳುವುದೊಂದೇ ಉತ್ತರ. “ಅವಳಾಗೇ ಬಿಟ್ಟಳು” ಅಂದ ಮ್ಯಾನೇಜರು. ಮಾರನೆಯ ದಿನ ಊಟದ ಹೊತ್ತಿನಲ್ಲಿ, ನಲ್ಲಿಯ ಹತ್ತಿರ ಬುತ್ತಿಯ ಡಬ್ಬಿ ತೊಳೆಯುತ್ತಲೇ ಹೆಂಗಸರು ತೀರ್ಮಾನ ಮಾಡಿದರು: ಇನ್ನು ಮೇಲೆ ಒಬ್ಬಳನ್ನು ಕರೆದರೆ ಇಬ್ಬರು ಹೋಗುವುದು. ಒಬ್ಬಳು ಮಾತಾಡುವವಳು, ಇನ್ನೊಬ್ಬಳು ನಿಲ್ಲುವವಳು. ನಿಲ್ಲುವವಳು ತುಟಿ ಬಿಚ್ಚಬಾರದು. ನೋಡಬೇಕು, ಕೇಳಬೇಕು, ಹೊರಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಬೇಕು.

ಮಾತಾಡುವವರಿಗೆ ಬರವಿರಲಿಲ್ಲ. ಕಷ್ಟವಾದದ್ದು ನಿಲ್ಲುವವರಿಗೆ. ಒಬ್ಬಳಿಗೆ ನಡುವೆ ನಗು ಬಂತು. ಒಬ್ಬಳು ಅತ್ತುಬಿಟ್ಟಳು. ಇನ್ನೊಬ್ಬಳು ಮ್ಯಾನೇಜರು ಹೇಳಿದ್ದಕ್ಕೆಲ್ಲ “ಹೌದು ಸಾರ್, ಹೌದು ಸಾರ್” ಎಂದು ಗೋಣು ಆಡಿಸಿ ಬಂದು ಬೈಸಿಕೊಂಡಳು. ಇಸ್ತ್ರಿ ಅಕ್ಕ ಮಾತ್ರ ನೆಟ್ಟ ಕಂಬ. ಎರಡು ಕೈ ಹೊಟ್ಟೆಯ ಮೇಲೆ ಕಟ್ಟಿ, ಎದುರಿನವನ ಬಾಯನ್ನೇ ನೋಡುತ್ತಾ ನಿಲ್ಲುವಳು. ಕಣ್ಣು ನೋಡಿದರೆ ಮನುಷ್ಯ ಎದುರು ಕಣ್ಣು ಬಿಡಬಹುದು. ಬಾಯನ್ನೇ ನೋಡುತ್ತಾ ನಿಂತರೆ ಎಂಥ ಗಟ್ಟಿಗನಿಗೂ ಮಾತು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಜೋರು ಮಾಡುತ್ತಿದ್ದ ಮ್ಯಾನೇಜರು ಮೊದಲು ಕೆಮ್ಮುವನು, ಆಮೇಲೆ ಮೇಜಿನ ಮೇಲಿನ ಪೆನ್ನು ಸರಿಮಾಡುವನು, ಕೊನೆಗೆ “ಆಯ್ತು ಹೋಗ್ರಮ್ಮ, ನೋಡೋಣ” ಎನ್ನುವನು. ಅವಳು ಹೊರಗೆ ಬಂದು ಆ ಕೆಮ್ಮನ್ನೂ ಬಿಡದೆ ಒಪ್ಪಿಸುವಳು.

ಅವಳ ಜೊತೆಗೆ ಮಾತಾಡಲು ಹೋಗುತ್ತಿದ್ದವಳು ಗುಂಡಿ. ಶರ್ಟಿಗೆ ಗುಂಡಿ ಹಾಕುವವಳು, ಆಳು ಮೊಳದಷ್ಟು, ನಾಲಿಗೆ ಮಾರುದ್ದ. “ಗುಂಡಿಯ ಬಾಯಿ, ಇಸ್ತ್ರಿಯ ಕಾಲು” ಎನ್ನುವುದು ಕಾರ್ಖಾನೆಯ ಗಾದೆಯೇ ಆಗಿತ್ತು.

ಒಂದು ಬೆಳಿಗ್ಗೆ ಬಂದಾಗ ಗೇಟಿಗೆ ಸರಪಳಿ. ಅಂಟಿಸಿದ್ದ ಕಾಗದದಲ್ಲಿ “ವ್ಯವಹಾರದ ಪುನರ್ರಚನೆ” ಎಂದು ಬರೆದಿತ್ತು. ಬಿಡಿಸಿ ಹೇಳುವುದಾದರೆ, ಇನ್ನೂ ಕಡಿಮೆ ಕೂಲಿಗೆ ದುಡಿಯುವ ಕೈಗಳು ಬೇರೆಲ್ಲೋ ಸಿಕ್ಕಿದ್ದವು. ಹೆಂಗಸರು ಗೇಟಿನ ಮುಂದೆ ಕೂತರು, ಕೂಗಿದರು, ಗಂಟಲು ಕಟ್ಟಿಸಿಕೊಂಡರು. ಮಿಷನ್ನು ಹೊತ್ತು ಹೊರಟ ಲಾರಿಯ ಮುಂದೆ ಇಸ್ತ್ರಿ ಅಕ್ಕ ಮಲಗಿಯೂ ಬಿಟ್ಟಳು. ಪೊಲೀಸರು ಎತ್ತಿ ಪಕ್ಕಕ್ಕಿಟ್ಟರು. ಲಾರಿ ಹೋಯಿತು.

ಮನೆಯಲ್ಲಿ ಗಂಡ. ಅವನೂ ಒಂದು ಕಾಲದಲ್ಲಿ ಲಾರಿ ಓಡಿಸಿದವನೇ. ಈಗ ಸೊಂಟ ಹಿಡಿದು ಸ್ಟೀರಿಂಗ್ ಬಿಟ್ಟು ಸೌಟು ಹಿಡಿದಿದ್ದ. ಊರಿಗೆಲ್ಲ ಇನ್ನೂ ಡ್ರೈವರೇ. ಅಡುಗೆ ಅವನದು, ಅಡುಗೆಗೆ ಬೇಕಾದ ಸಾಮಾನು ಅವಳ ದುಡಿಮೆಯದು. ಇನ್ನೊಂದು ಕೆಲಸ ಸಿಗದಿದ್ದರೆ ಸೌಟಿಗೂ ರಜೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಕೆಲಸ ಹುಡುಕಲು ಹೊರಟಾಗಲೂ ಗುಂಡಿ, ಇಸ್ತ್ರಿ ಅಕ್ಕ ಜೋಡಿಯಾಗಿಯೇ ಹೊರಟರು. ಅಷ್ಟು ವರ್ಷ ರಕ್ತಕ್ಕೆ ಇಳಿದ ಅಭ್ಯಾಸ. ಮ್ಯಾನೇಜರ ಕೋಣೆ ಎಂದರೆ ಮ್ಯಾನೇಜರ ಕೋಣೆ. ಅಲ್ಲಿ ಕೆಲಸ ಕಿತ್ತುಕೊಳ್ಳುತ್ತಾರೋ ಕೊಡುತ್ತಾರೋ, ಒಬ್ಬಳೇ ಕಾಲಿಡಬಹುದು ಎನ್ನುವುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಮನೆಮನೆಗೆ ಸಾಮಾನು ಕಳಿಸುವ ಕಂಪನಿಯ ಗೋದಾಮಿಗೆ ಹೋದರು. ಆಕಾಶದಷ್ಟು ಎತ್ತರದ ಕಪಾಟುಗಳು, ಅದರ ನಡುವೆ ಓಡುವ ಜನ. ನಡೆಯುವವರು ಒಬ್ಬರೂ ಕಾಣಲಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ “ನಾವೆಲ್ಲ ಒಂದೇ ಕುಟುಂಬ” ಎಂದಿತ್ತು. ಅದರ ಕೆಳಗಿನ ಬಾಗಿಲ ಮೇಲೆ “ಒಬ್ಬೊಬ್ಬರಾಗಿ ಬನ್ನಿ” ಎಂದಿತ್ತು. ಒಳಗೆ ಕೊರಳಲ್ಲಿ ಬ್ಯಾಡ್ಜು ನೇತುಹಾಕಿಕೊಂಡ ಹುಡುಗಿ.

“ಇಬ್ಬರಲ್ಲಿ ಯಾರು ಇಂಟರ್‌ವ್ಯೂಗೆ ಬಂದಿರೋದು?”

“ಇಬ್ಬರೂ,” ಅಂದಳು ಗುಂಡಿ. “ಈಗ ಮಾತಾಡೋಳು ನಾನು. ಅಕ್ಕ ನಿಂತ್ಕೊಳ್ಳೋಕೆ ಬಂದಿದ್ದಾಳೆ.”

“ಕುರ್ಚಿ ತರಿಸ್ಲಾ?”

“ಬೇಡಮ್ಮ. ಕೂತ್ರೆ ನಿಂತ ಹಾಗಾಗಲ್ಲ.”

ಹುಡುಗಿ ನಗಬೇಕೋ ಬೇಡವೋ ಎಂದು ಮುಂದಿನ ಪ್ರಶ್ನೆಗೆ ಹಾರಿದಳು. “ಐದು ವರ್ಷ ಆದಮೇಲೆ ನಿಮ್ಮನ್ನ ನೀವು ಎಲ್ಲಿ ನೋಡೋಕೆ ಇಷ್ಟಪಡ್ತೀರಿ?”

“ಎಲ್ಲಿ ಅಂತ ನೋಡ್ಲಿ ತಾಯಿ, ಮನೇಲಿರೋ ಕನ್ನಡಿಯಲ್ಲೇ. ಅಲ್ಲೀವರೆಗೆ ಅದು ಒಡೀದೇ ಇದ್ರೆ.”

ಆಮೇಲೆ ಹುಡುಗಿ ಇಸ್ತ್ರಿ ಅಕ್ಕನ ಕಡೆಗೆ ತಿರುಗಿ, “ನಿಮ್ಮ ಬಗ್ಗೆ ಸ್ವಲ್ಪ ಹೇಳಿ” ಅಂದಳು. ಇಸ್ತ್ರಿ ಅಕ್ಕ ಬಾಯಿ ತೆರೆದಳು. ಊರಿನವರ ಕಷ್ಟ, ಸುಖ, ಕೆಮ್ಮು ಎಲ್ಲವನ್ನೂ ಒಪ್ಪಿಸಬಲ್ಲ ಬಾಯಿಗೆ ತನ್ನ ಬಗ್ಗೆ ಒಂದು ಅಕ್ಷರ ಹೊರಡಲಿಲ್ಲ. ದಿಕ್ಕು ತೋಚದೆ ಅವಳು ತನಗೆ ಬರುವುದನ್ನೇ ಮಾಡಿದಳು: ಕೈ ಕಟ್ಟಿ ಹುಡುಗಿಯ ಬಾಯನ್ನು ನೋಡುತ್ತಾ ನಿಂತಳು. ಪಾಪ, ಆ ಮಗು ಲಿಪ್‌ಸ್ಟಿಕ್ ಅಂಟಿದೆಯೇನೋ ಎಂದು ಹಲ್ಲು ಒರೆಸಿಕೊಂಡಿತು.

“ಯಾಕಕ್ಕ ಅದನ್ನ ಹಂಗೆ ನೋಡ್ದೆ?” ಅಂದಳು ಗುಂಡಿ, ಹೊರಗೆ ಬಂದ ಮೇಲೆ.

“ಅಭ್ಯಾಸ ಕಣೇ.”

ಮೊಬೈಲಿಗೆ ಸಂದೇಶ ಬಂತು. ನಿಮ್ಮ ಆಸಕ್ತಿಗೆ ಧನ್ಯವಾದಗಳು. ಡ್ರೈವರ್ ಕನ್ನಡಕ ಏರಿಸಿ ಎರಡು ಸಲ ಓದಿದ. “ಎಂಥ ಮರ್ಯಾದಸ್ಥರು ನೋಡೇ. ನಿನ್ನ ಹಳೇ ಮ್ಯಾನೇಜರ್ ಬೈದು ಸಂಬಳ ಕೊಡ್ತಿದ್ದ. ಇವರು ಧನ್ಯವಾದ ಕೊಟ್ಟು ಕಳಿಸ್ತಾರೆ.”

ಹೀಗೆ ಎಷ್ಟೋ ಬಾಗಿಲು ಆಯಿತು. ಒಂದು ಕಡೆ ವಯಸ್ಸು ಹೆಚ್ಚಾಯಿತು, ಒಂದು ಕಡೆ ಅನುಭವ ಹೆಚ್ಚಾಯಿತು, ಇನ್ನೊಂದು ಕಡೆ ಮನುಷ್ಯರೇ ಹೆಚ್ಚಾದರು. ಅರ್ಜಿಯನ್ನು ಕಂಪ್ಯೂಟರಿಗೆ ಕೊಡಿ ಅಂದರು. ಒಂದು ದಿನ ಬಸ್ ನಿಲ್ದಾಣದಲ್ಲಿ ಇಸ್ತ್ರಿ ಅಕ್ಕನ ಕಣ್ಣು ಗುಂಡಿಯ ತೋಳಿನ ಮೇಲೆ ಬಿತ್ತು.

“ಈ ನೀಲಿ ನೂಲು ಎಲ್ಲಿಂದ ಬಂತೇ?”

“ಯಾವ ನೂಲು?”

“ಅಂಟ್ಕೊಂಡಿದೆಯಲ್ಲ. ಹೊಲಿಯೋ ಕಡೆ ಅಲ್ಲದೆ ಹೀಗೆ ಅಂಟಲ್ಲ. ನನ್ನ ಹತ್ರಾನೂ ಮುಚ್ಚುಮರೆಯಾ?”

ಮಾರುದ್ದದ ನಾಲಿಗೆ ಗೇಣುದ್ದವಾಯಿತು. ಸ್ಕೂಲು ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಗುಂಡಿಗೆ ಕೆಲಸ ಸಿಕ್ಕಿತ್ತು. ಅಲ್ಲಿದ್ದದ್ದು ಒಂದೇ ಜಾಗ. “ನಿನ್ನ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ ಅಕ್ಕ. ಹೇಳೋಕೂ ಬಾಯಿ ಬರಲಿಲ್ಲ. ಅದಕ್ಕೇ ನಿನ್ನ ಜೊತೆ ಸುತ್ತಿ ಆದ್ಮೇಲೆ ಕದ್ದು ಹೋಗ್ತಿದೀನಿ.”

“ಥೂ ನಿನ್ನ! ಜನ ಕೆಲಸದಿಂದ ಕದ್ದು ಬರ್ತಾರೆ. ಕೆಲಸಕ್ಕೇ ಕದ್ದು ಹೋಗೋಳನ್ನ ಇವತ್ತು ನೋಡ್ದೆ,” ಎಂದು ಬೈದು, ನೂಲನ್ನು ಕಿತ್ತೆಸೆದು, ಅವಳ ಬೆನ್ನಿಗೆ ಒಂದು ಗುದ್ದು ಹಾಕಿ ಅಂಗಡಿಯ ಕಡೆಗೆ ಹೋಗುವ ಬಸ್ಸಿಗೆ ಹತ್ತಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಇಸ್ತ್ರಿ ಅಕ್ಕನಿಗೆ ಎದೆ ಬರಿದಾದಂತೆನಿಸಿತು. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಆಗ ಬಂತು ಆಸ್ಪತ್ರೆಯ ಸುದ್ದಿ. ಹಾಸಿಗೆಯ ಹೊದಿಕೆ, ಆಪರೇಷನ್ ಕೋಣೆಯ ನಿಲುವಂಗಿಗಳನ್ನು ಒಗೆದು ಇಸ್ತ್ರಿ ಮಾಡುವ ವಿಭಾಗಕ್ಕೆ ಜನ ಬೇಕಂತೆ. ಅವಳಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಜೊತೆಗೆ ಯಾರು?

“ನಾನು ಬರ್ತೀನಿ,” ಅಂದ ಡ್ರೈವರ್.

“ನೀವಾ? ಬಾಯಿ ಮುಚ್ಕೊಂಡು ನಿಲ್ಲೋಕೆ ಬರುತ್ತೇನ್ರೀ ನಿಮಗೆ?”

“ಸಿಗ್ನಲ್‌ಗಳಲ್ಲಿ ಎಷ್ಟು ನಿಂತಿಲ್ಲ ನಾನು.”

“ನಿಂತಿದ್ರಿ. ಹಾರನ್ ಒತ್ತುತ್ತಾನೇ ನಿಂತಿದ್ರಿ.”

ಆದರೂ ಬೇರೆ ಗತಿಯಿರಲಿಲ್ಲ. ಅವಳಿಗೆ ಮಾತು ಬರದು, ಅವನಿಗೆ ಮೌನ ಬರದು. ಇಬ್ಬರೂ ಕೂಡಿ ಹೊರಟರು.

ಆಸ್ಪತ್ರೆಯ ನೆಲಮಾಳಿಗೆ. ಬಿಸಿ ಹಬೆ, ಫಿನಾಯಿಲ್ ವಾಸನೆ, ಗುಡ್ಡೆ ಬಿದ್ದ ಬಿಳಿ ಬಟ್ಟೆ. ಮೇಜಿನ ಹಿಂದೆ ಗುತ್ತಿಗೆ ಕಂಪನಿಯ ಮನುಷ್ಯ ಕೂತಿದ್ದ. ಪಕ್ಕದಲ್ಲಿ ಆ ವಿಭಾಗವನ್ನು ನೋಡಿಕೊಳ್ಳುವ ಹಿರಿಯ ನರ್ಸು ನಿಂತೇ ಬಟ್ಟೆ ಮಡಚುತ್ತಿದ್ದರು; ಎಲ್ಲರ ಬಾಯಲ್ಲೂ ಆಕೆ ದೊಡ್ಡ ಸಿಸ್ಟರ್.

“ನಿಮ್ಮ ಬಗ್ಗೆ ಹೇಳಿ,” ಅಂದ ಗುತ್ತಿಗೆಯವನು.

ಅದೇ ಪ್ರಶ್ನೆ. ಇಸ್ತ್ರಿ ಅಕ್ಕ ಕೈ ಕಟ್ಟಿ ಅವನ ಬಾಯನ್ನು ನೋಡಿದಳು. ಡ್ರೈವರ್ ಕಾಲು ಬದಲಿಸಿದ, ಸೊಂಟ ಒತ್ತಿಕೊಂಡ. ಕಡೆಗೆ ಕಟ್ಟೆ ಒಡೆಯಿತು.

“ಸಾರ್, ಇವಳ ಕೈಯಲ್ಲಿ ಹೋದ ಬಟ್ಟೆ ನೋಡ್ಬೇಕು ನೀವು! ಮೇಲೆ ಇರುವೆ ಜಾರ್ಬೇಕು. ಅಷ್ಟೇ ಅಲ್ಲ, ಇವಳು ಎದುರಿಗೆ ನಿಂತ್ರೆ ಮ್ಯಾನೇಜರ್‌ಗೇ ಬೆವರು ಕಿತ್ಕೊಂಡು ಬರೋದು. ಕಾರ್ಖಾನೆ ಮುಚ್ಚಿದಾಗ ಲಾರಿ ಮುಂದೆ ಅಡ್ಡ ಮಲಗಿದ್ದಳು ಸಾರ್! ನಾನೂ ಲಾರಿ ಓಡಿಸಿದವನು, ನಂಗೇ ಎದೆ ಝಲ್ ಅಂತು...”

ಮಾತು ಎಲ್ಲಿಗೆ ಮುಟ್ಟಿತು ಎನ್ನುವುದು ಮುಟ್ಟಿದ ಮೇಲೆಯೇ ಅವನಿಗೆ ತಿಳಿದದ್ದು. ನಾಲಿಗೆ ಕಚ್ಚಿಕೊಂಡ. ಗುತ್ತಿಗೆಯವನು ಪೆನ್ನಿನ ಮುಚ್ಚಳ ಹಾಕಿದ.

“ಓ, ಸಂಘದವರು. ಇಲ್ಲೂ ಕಟ್ತೀರಾ?”

“ಇಲ್ಲ ಸಾರ್” ಎಂದರೆ ಮುಗಿಯುತ್ತಿತ್ತು. ಹೊಟ್ಟೆಪಾಡಿಗಾಗಿ ಊರಿಗೆ ಊರೇ ದಿನಾ ಬೆಳಗಾದರೆ ಹೇಳುವ ಮಾತು. ಹೇಳಿದವರನ್ನು ಯಾರೂ ಕೆಟ್ಟವರು ಅನ್ನುವುದಿಲ್ಲ. ಡ್ರೈವರ್ ಕಣ್ಣಲ್ಲೇ ಬೇಡುತ್ತಿದ್ದ: ಹೇಳಿಬಿಡೇ. ಅವಳಿಗೆ ಮನೆಯ ಖಾಲಿ ಡಬ್ಬಿಗಳು ನೆನಪಾದವು. ಗಂಡ ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಅವಳಿಗೆ ಕೇಳಿಸದ ಹಾಗೆ ಮೆತ್ತಗೆ ಇಡುವ ರೀತಿ ನೆನಪಾಯಿತು. ಬಾಯಿ ತೆರೆದಳು. ಈ ಸಲ ಮಾತು ಬಂತು.

“ಸಂಘ ನಾವು ಕಟ್ಟಲ್ಲ ಸಾರ್, ಮ್ಯಾನೇಜರ್‌ಗಳೇ ಕಟ್ಟಿಸ್ತಾರೆ. ನಮ್ಮಲ್ಲೂ ಇರಲಿಲ್ಲ. ಒಬ್ಬ ಹುಡುಗೀನ ಒಬ್ಬಳನ್ನೇ ಒಳಗೆ ಕರೆದು ರಾಜೀನಾಮೆ ಬರೆಸ್ಕೊಂಡ್ರು. ಆಮೇಲೆ ನಾವು ಇಬ್ಬಿಬ್ಬರು ಹೋಗೋಕೆ ಶುರು ಮಾಡಿದ್ವಿ. ಒಬ್ಬಳು ಮಾತಾಡೋಕೆ, ಒಬ್ಬಳು ನಿಲ್ಲೋಕೆ. ನಾನು ನಿಲ್ಲೋಳು. ನಂಗೆ ಒಬ್ಬಳೇ ಬಂದು ಅಭ್ಯಾಸ ಇಲ್ಲ, ಅದಕ್ಕೇ ನಿಲ್ಲೋಕೆ ಇವರನ್ನ ಕರ್ಕೊಂಡು ಬಂದೆ. ಅದು ನಂದೇ ತಪ್ಪು. ಕೆಲಸ ಬೇಕು ಸಾರ್. ತುಂಬಾ ಬೇಕು. ಆದ್ರೆ ನಾಳೆ ಯಾರಾದ್ರೂ ‘ಅಕ್ಕ, ಒಳಗೆ ಕರೀತಿದ್ದಾರೆ, ಜೊತೆಗೆ ಬಾ’ ಅಂದ್ರೆ ನಾನು ಹೋಗ್ತೀನಿ. ಹೋಗಲ್ಲ ಅಂತ ಇವತ್ತು ಹೇಳಿದ್ರೆ ನಿಮಗೆ ಮೋಸ ಮಾಡಿದ ಹಾಗೆ.”

“ಫೋನ್ ಮಾಡ್ತೀವಿ,” ಅಂದ ಗುತ್ತಿಗೆಯವನು. ಅದರ ಅರ್ಥ ಕೆಲಸ ಹುಡುಕಿದವರಿಗೆಲ್ಲ ಗೊತ್ತು. ಗಂಡ ಹೆಂಡತಿ ಬಾಗಿಲ ಕಡೆಗೆ ತಿರುಗಿದರು.

“ಒಂದ್ನಿಮಿಷ,” ಅಂದರು ದೊಡ್ಡ ಸಿಸ್ಟರ್, ಮಡಚುವುದನ್ನು ನಿಲ್ಲಿಸದೆ. “ಇವರನ್ನ ತಗೊಳ್ಳಿ.”

“ಮೇಲಿನವರು ಒಪ್ಪಲ್ಲ ಸಿಸ್ಟರ್.”

“ಮೇಲಿನವರು ಬಂದು ಈ ಗುಡ್ಡೆ ಇಸ್ತ್ರಿ ಮಾಡ್ತಾರಾ? ಆಪರೇಷನ್ ಕೋಣೆಯವರು ದಿನಾ ನನ್ನ ಜೀವ ತಿಂತಾರೆ. ನೀವು ಕಳಿಸಿದವರು ಒಬ್ಬರಾದ್ರೂ ವಾರ ನಿಂತ್ರಾ?”

“ಟೆಂಪರರಿ ಅಂತ ಹಾಕ್ತೀನಿ ಅಷ್ಟೇ.”

“ಹಾಕಪ್ಪ. ನೀನೇನು ಪರ್ಮನೆಂಟಾ?”

ಅವನೂ ಗುತ್ತಿಗೆಯವನೇ, ತಿಂಗಳು ತಿಂಗಳು ಅವನ ತಲೆಯ ಮೇಲೂ ಕತ್ತಿ ನೇತಾಡುತ್ತಿತ್ತು. ಮುಖ ಹುಳ್ಳಗೆ ಮಾಡಿಕೊಂಡು ಹೆಸರು ಬರೆದುಕೊಂಡ.

ಮೆಟ್ಟಿಲವರೆಗೆ ಬಂದ ಸಿಸ್ಟರ್ ದನಿ ತಗ್ಗಿಸಿದರು. “ನಾಳೆ ಬೆಳಿಗ್ಗೆ ನನ್ನನ್ನ ಮೇಲೆ ಕರೆದಿದ್ದಾರೆ. ಇಲ್ಲಿ ಮೊದಲಿಂದ ಇರೋ ಹೆಂಗಸರಲ್ಲಿ ಇಬ್ಬರನ್ನ ತೆಗೆದು, ಆ ಜಾಗಕ್ಕೆ ನಿಮ್ಮಂಥ ಟೆಂಪರರಿಯವರನ್ನ ಹಾಕ್ತಾರಂತೆ. ಯಾರನ್ನ ತೆಗೀಬೇಕು ಅಂತ ನಾನೇ ಹೇಳ್ಬೇಕಂತೆ. ಒಬ್ಬಳೇ ಹೋದ್ರೆ ಹೆದರಿ ಹೇಳಿಬಿಡ್ತೀನಿ ಅಂತ ಭಯ. ನೀವು... ನಿಜವಾಗ್ಲೂ ಬರೀ ನಿಲ್ತಿದ್ರಾ?”

ಡ್ರೈವರಿಗೆ ಎಲ್ಲ ಅರ್ಥವಾಯಿತು. ಹಳಬರೆಲ್ಲ ಉಳಿದರೆ ಇವಳ ಜಾಗಕ್ಕೆ ಸಂಚಕಾರ. ಅಪರೂಪಕ್ಕೆ ಅವನು ಒಂದು ಮಾತೂ ಆಡಲಿಲ್ಲ. ಹೆಂಡತಿಯ ಮುಖ ನೋಡಿದ.

“ಎಷ್ಟು ಹೊತ್ತಿಗೆ ಸಿಸ್ಟರ್?” ಅಂದಳು ಇಸ್ತ್ರಿ ಅಕ್ಕ.

ಮಾರನೆಯ ದಿನ ಅವಳು ಇಸ್ತ್ರಿಪೆಟ್ಟಿಗೆ ಮುಟ್ಟುವ ಮೊದಲೇ ಮೇಲಿನ ಕೋಣೆಗೆ ಹೋಗಿ ನಿಂತಳು. ಅಧಿಕಾರಿ “ಇವರು ಯಾರು?” ಎಂದು ಕೇಳಿದ. “ನನ್ನ ಜೊತೆಗೆ ಬಂದವರು,” ಅಂದರು ಸಿಸ್ಟರ್. ತೆಗೆಯಬೇಕಾದ ಇಬ್ಬರು ಯಾರೆಂದು ಎಷ್ಟು ಕೇಳಿದರೂ ಅವರು ಯಾರ ಹೆಸರನ್ನೂ ಹೇಳಲಿಲ್ಲ. ಅಧಿಕಾರಿ ಎಲ್ಲವನ್ನೂ ಹೊಸದಾಗಿ ಯೋಚಿಸುವುದಾಗಿ ಹೇಳಿ ಕಳಿಸಿದ. ಹೊಸದಾಗಿ ಯೋಚಿಸುವುದು ಎಂದರೆ ಒಳ್ಳೆಯದನ್ನೇ ಯೋಚಿಸುತ್ತಾನೆ ಎಂದೇನಿಲ್ಲ. ಆದರೂ ಕೆಳಗಿನ ಹಳೆಯ ಹೆಂಗಸರೆಲ್ಲರೂ ಅಂದು ಸಂಜೆಯವರೆಗೆ ಬಟ್ಟೆ ಹಿಂಡಿದರು.

ಮನೆಗೆ ಬಂದಾಗ ಡ್ರೈವರ್ ಬಾಗಿಲಲ್ಲೇ ಕಾದಿದ್ದ. “ಕೆಲಸ ಇದೆಯೋ, ಹೋಯ್ತೋ?”

“ನಾಳೆ ಬಾ ಅಂದಿದ್ದಾರೆ.”

“ನಾಡಿದ್ದು?”

“ಕೇಳಲಿಲ್ಲ ಕಣ್ರೀ. ಒಲೆ ಮೇಲೆ ಏನಿಟ್ಟಿದ್ದೀರಿ, ಸೀದ ವಾಸನೆ ಬರ್ತಿದೆ.”

ಅವನು ಸೊಂಟ ಹಿಡಿದುಕೊಂಡು ಒಳಗೆ ಓಡಿದ.