ಅಟ್ಟಕ್ಕೇರದ ಕಾಗದ

ಅವರ ಬಲಗೈ ತೋರುಬೆರಳಿಗೆ ಸದಾ ಒಂದು ರಬ್ಬರ್ ಟೋಪಿ ಇರುತ್ತಿತ್ತು. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಗುಳ್ಳೆಗಳಿರುವ ಕಿತ್ತಳೆ ಬಣ್ಣದ್ದು, ಅದೇ. ಹಾಳೆ ತಿರುವಲೆಂದು ಹಾಕಿಕೊಂಡದ್ದು ಬೆರಳಿನಲ್ಲೇ ಉಳಿದುಬಿಟ್ಟಿತ್ತು. ಅದರಲ್ಲೇ ಚಹಾದ ಗ್ಲಾಸು ಹಿಡಿಯುತ್ತಿದ್ದರು, ಅದರಲ್ಲೇ ಕಿವಿ ತುರಿಸಿಕೊಳ್ಳುತ್ತಿದ್ದರು, ಅದರಲ್ಲೇ ಮೌಸ್ ಒತ್ತುತ್ತಿದ್ದರು. ಮೌಸಿನ ಎಡಗುಂಡಿಯ ಮೇಲೆ ಟೋನರಿನ ಕರಿ ಹತ್ತಿ ಬೆರಳಗಲದ ಕಲೆಯಾಗಿತ್ತು. ನಮ್ಮ ಗಲ್ಲಿಯವರೆಲ್ಲ ಅವರನ್ನು ಝೆರಾಕ್ಸ್ ಕಾಕಾ ಎನ್ನುತ್ತಿದ್ದರು. ನಾನೂ ಕೊನೆಯವರೆಗೆ ಹಾಗೆಯೇ ಕರೆದೆ.

ಚೆಂಬೂರಿನ ನಮ್ಮ ಚಾಳಿನ ಬಾಯಲ್ಲೇ ಅವರ ಅಂಗಡಿ. ಒಬ್ಬರು ಒಳಗೆ ಹೋಗಬೇಕೆಂದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಜಾಗ. ಒಂದು ಝೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯಲು ಗೋಡೆಗೆ ಮೊಳೆ ಹೊಡೆದು ಬಿಟ್ಟ ನೀಲಿ ಬಟ್ಟೆ. ಮೇಲೆ ಹಲಗೆಯ ಅಟ್ಟ. ಕಾಕಾ ಮಲಗುತ್ತಿದ್ದದ್ದು ಅಲ್ಲಿ. ವಿಜಯಪುರದ ಕಡೆಯವರು. ಹತ್ತಿರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದು, ಅದು ಮುಚ್ಚಿದ ಮೇಲೆ ಈ ಅಂಗಡಿ ಹಾಕಿದ್ದರು. ಅವರ ಹೆಂಡತಿ, ನಮಗೆಲ್ಲ ಕಾಕು, ಊರಲ್ಲಿದ್ದರು.

ಚಾಳಿನಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ. ಗೋಡೆ ಕಟ್ಟುವ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಬಿಲ್ಡಿಂಗಿನ ವಾಚ್‌ಮನ್‌ಗಳು. ಅವರಿಗೆ ಈಮೇಲ್ ಎಲ್ಲಿಂದ ಬರಬೇಕು? ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ, ಗೇಟ್ ಪಾಸಿನ ಅರ್ಜಿ, ಎಲ್ಲವನ್ನೂ ಕಾಕಾ ಸ್ಕ್ಯಾನ್ ಮಾಡಿ ತಮ್ಮ ಒಂದೇ ಅಕೌಂಟಿನಿಂದ ಕಳಿಸುತ್ತಿದ್ದರು. ತಮಗೂ ಒಂದು ಪ್ರತಿ ಹಾಕಿಕೊಳ್ಳುತ್ತಿದ್ದರು. ಪಾಸ್‌ವರ್ಡನ್ನು ಲೈಟ್ ಮೀಟರಿನ ಕೆಳಗೆ ಗೋಡೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದರು. ಇವತ್ತು ನನ್ನ ಆಫೀಸಿನಲ್ಲಿ ಇದನ್ನು ಹೇಳಿದರೆ ಹೌಹಾರುತ್ತಾರೆ. ನಮ್ಮ ಹತ್ತಿರ ಕದಿಯುವಂಥದ್ದು ಏನಾದರೂ ಇದೆ ಎಂದು ಆಗ ಯಾರಿಗೂ ಅನಿಸಿರಲಿಲ್ಲ.

ಹೆಸರು ಹಿಡಿದು ಹುಡುಕುವ ಹಾಗಿರಲಿಲ್ಲ. ಗಲ್ಲಿಯಲ್ಲಿ ನಿಂತು ಬಸಪ್ಪಾ ಎಂದು ಕೂಗಿದರೆ ನಾಲ್ಕು ಬಾಗಿಲಿನಿಂದ ಓ ಎನ್ನುತ್ತಿದ್ದರು. ಅದಕ್ಕೇ ಕಾಕಾ ಮೇಲ್‌ನ ವಿಷಯದ ಸಾಲಿನಲ್ಲಿ ಹೆಸರಿನ ಜೊತೆ ಆಳಿನ ಗುರುತು ಬರೆಯುತ್ತಿದ್ದರು. ಅವತ್ತು ಬಂದಾಗ ಕೈಯಲ್ಲಿ ಏನಿತ್ತು, ಜೊತೆಗೆ ಯಾರಿದ್ದರು, ಏನು ಗೊಣಗುತ್ತಿದ್ದರು. ‘ಮಲ್ಲಪ್ಪ, ಹೊಸ ಕುಕ್ಕರ್, ರೇಷನ್.’ ‘ಬಸಪ್ಪ, ಹಲ್ಲುನೋವು, ಮಗಳ ದಾಖಲೆ.’ ಎರಡು ಮೂರು ವರ್ಷ ಬಿಟ್ಟು ಮಲ್ಲಪ್ಪ ಬಂದು ನಿಂತರೆ ಕಾಕಾ ತಾರೀಖು ಕೇಳುತ್ತಿರಲಿಲ್ಲ.

“ಅವತ್ತ ಕೈಯಾಗ ಏನ್ ಹಿಡಕೊಂಡ್ ಬಂದಿದ್ದಿ?”

“ಅದೆಲ್ಲ ಎಲ್ಲಿ ನೆನಪಿರ್ತೈತ್ರಿ ಕಾಕಾ.”

“ನೆನಪ ಮಾಡ್ಕೋ. ಹೊರಗ ನಿಂತು ನೆನಪ ಮಾಡ್ಕೋ, ಹಿಂದಿನವರಿಗೆ ಜಾಗಾ ಬಿಡು.”

ಮಲ್ಲಪ್ಪ ಹೊರಗೆ ನಿಂತು ತಲೆ ಕೆರೆದುಕೊಂಡು, ಅವತ್ತು ಕುಕ್ಕರ್ ಕೊಂಡದ್ದಕ್ಕೆ ಹೆಂಡತಿ ಬೈದದ್ದು ನೆನಪಾಗಿ ಒಳಗೆ ಬರುತ್ತಿದ್ದ. ಹುಡುಕುವ ಪೆಟ್ಟಿಗೆಯಲ್ಲಿ ಕುಕ್ಕರ್ ಎಂದು ಹೊಡೆದರೆ ರೇಷನ್ ಕಾರ್ಡು ಎದುರಿಗೆ. ಕಂಪ್ಯೂಟರ್ ಬಲ್ಲವರು ಯಾರೋ ಒಮ್ಮೆ ನಕ್ಕು, ಇದೇನು ಪದ್ಧತಿ ಕಾಕಾ ಎಂದಿದ್ದರು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. “ಮನಷ್ಯಾಗ ತಾರೀಖ ನೆನಪಿರೂದಿಲ್ರಿ, ಬೈಸ್ಕೊಂಡಿದ್ದು ನೆನಪಿರ್ತದ” ಎಂದರು.

ಇನ್‌ಬಾಕ್ಸಿಗೆ ಅವರು ಪಡಸಾಲಿ ಎನ್ನುತ್ತಿದ್ದರು. ಆರ್ಕೈವ್ ಅಂದರೆ ಅಟ್ಟ. ಕಾಗದ ಕಳಿಸಿದ ಕೂಡಲೇ ಅಟ್ಟಕ್ಕೆ ಹಾಕುವಂತಿಲ್ಲ. ಆಳು ತಾನಾಗಿ ಅಂಗಡಿಗೆ ಬಂದು “ಕೆಲಸಾತ್ರಿ ಕಾಕಾ” ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ರಬ್ಬರ್ ಟೋಪಿಯ ಬೆರಳು ಗುಂಡಿ ಒತ್ತುವುದು. ಅಲ್ಲಿಯವರೆಗೆ ಆ ಮೇಲ್ ಪಡಸಾಲೆಯಲ್ಲಿ ಕೂತಿರುತ್ತಿತ್ತು. ದಿನಾ ಬೆಳಿಗ್ಗೆ ಅಂಗಡಿ ತೆರೆದು ಊದುಬತ್ತಿ ಹಚ್ಚಿದ ಮೇಲೆ ಕಾಕಾ ಮೊದಲು ಪಡಸಾಲೆ ನೋಡುತ್ತಿದ್ದರು. ಯಾರು ಇನ್ನೂ ಹೇಳಲು ಬಂದಿಲ್ಲ ಎಂದು ಗೊತ್ತಾಗುತ್ತಿತ್ತು. ಹಾದುಹೋಗುವವರನ್ನು ನಿಲ್ಲಿಸಿ, ನಿಮ್ಮ ಬಾಜೂಕಿನ ಖೋಲಿಯವನಿಗೆ ಬಂದು ಹೋಗು ಅಂತ ಹೇಳ್ರಿ ಎನ್ನುತ್ತಿದ್ದರು. ಅಳಿಸುವುದಂತೂ ಇಲ್ಲವೇ ಇಲ್ಲ. ಜನರಿಗೆ ಇದು ಕಿರಿಕಿರಿಯಾಗುತ್ತಿತ್ತು. ಕೆಲಸವಾದ ಮೇಲೆ ಬಂದು ಹೇಳುವ ಪುರುಸೊತ್ತು ಯಾರಿಗಿದೆ? ಬೈದುಕೊಂಡೇ ಬಂದು ಹೇಳುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಅಂಧೇರಿಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗೊಂದಕ್ಕೆ ಬಿದಿರು ಬಿಗಿದು ಕಟ್ಟಿದ್ದ ಪರಾಂಚಿಯಿಂದ ಬಿದ್ದು ಸತ್ತರು. ಗೌಂಡಿಯಾಗಿದ್ದರು, ಆ ಸೈಟಿಗೆ ಹೋಗಲು ಶುರುಮಾಡಿ ಒಂದು ವಾರವೂ ಆಗಿರಲಿಲ್ಲ. ಕಂತ್ರಾಟುದಾರನ ಪರವಾಗಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಪೊಲೀಸರ ಮುಂದೆ, ಈ ಆಳು ನಮ್ಮವನಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ, ಕಬ್ಬಿಣದ ಸರಳು ಕದಿಯಲು ಹತ್ತಿರಬೇಕು ಎಂದು ಹೇಳಿಕೆ ಕೊಟ್ಟ. ಅದು ಕಾಗದದಲ್ಲಿ ಹಾಗೆಯೇ ದಾಖಲಾಯಿತು. ಮೂರನೆಯ ದಿನ ನಮಗೆ ತಿಳಿಯಿತು. ಅಮ್ಮ ಅಲ್ಲಿಯವರೆಗೆ ಅತ್ತವಳು ಅದನ್ನು ಕೇಳಿ ಅಳು ನಿಲ್ಲಿಸಿದಳು. “ಕಳ್ಳ ಅಂತ ಬರದಾರಂತ” ಎಂದು ಬಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದಳು.

ನಾನು ಅಳಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದಲ್ಲೇ ಇರುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ಹಾಗಿತ್ತು. ಬಂದವರಿಗೆ ಚಹಾ ಮಾಡಿಕೊಟ್ಟೆ, ಗ್ಲಾಸು ತೊಳೆದೆ, ಶಾಲೆಯ ಗಣಿತದ ವಹಿ ಎಲ್ಲಿದೆ ಎಂದು ಹುಡುಕಿದೆ. ಆ ಜೋಮು ಆಮೇಲೂ ಪೂರ್ತಿ ಇಳಿಯಲಿಲ್ಲ. ಇದನ್ನು ಬರೆಯುವಾಗಲೂ ಹೆಚ್ಚು ಕಡಿಮೆ ಹಾಗೆಯೇ ಇದೆ.

ನಾಲ್ಕನೆಯ ದಿನ ಬೆಳಿಗ್ಗೆ ಕಾಕಾ ನಮ್ಮ ಖೋಲಿಯ ಹೊಸ್ತಿಲ ಹೊರಗೆ ಬಂದು ನಿಂತರು. ಅಂಗಡಿ ಬಿಟ್ಟು ಅವರು ಚಾಳಿನೊಳಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೆರಳಿಗೆ ಟೋಪಿ ಹಾಗೆಯೇ ಇತ್ತು.

“ಯಕ್ಕಾ, ಅಣ್ಣನ ಕಾಗದ ಇನ್ನೂ ಪಡಸಾಲ್ಯಾಗ ಐತಿ. ಕೆಲಸಾತಂತ ಹೇಳಾಕ ಬಂದಿಲ್ಲ ಅಂವಾ.”

ಅಮ್ಮನಿಗೆ ಏನೂ ತಿಳಿಯಲಿಲ್ಲ. ಕಾಕಾ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಎರಡು ವಾರದ ಹಿಂದೆ ಅಪ್ಪ ರೇಷನ್ ಕಾರ್ಡು, ಫೋಟೋ ತಂದು ಗೇಟ್ ಪಾಸಿಗೆಂದು ಸೈಟ್ ಆಫೀಸಿಗೆ ಮೇಲ್ ಮಾಡಿಸಿದ್ದರು. ಅದಕ್ಕೆ ಆ ಮುಕಾದಮನದೇ ಉತ್ತರ ಬಂದಿತ್ತು, ಕಾಗದ ಮುಟ್ಟಿತು, ಸೋಮವಾರದಿಂದ ಕಳಿಸಿ ಎಂದು. ಅಪ್ಪ ಸೋಮವಾರ ಕೆಲಸಕ್ಕೆ ಹೋದರು, ಕಾಕಾನಿಗೆ ಹೇಳಲು ಬರಲಿಲ್ಲ. ಅಷ್ಟರಲ್ಲಿ ಸತ್ತರು. ಬೆಳಿಗ್ಗೆ ಪಡಸಾಲೆ ನೋಡುವಾಗ ಅದು ಇನ್ನೂ ಅಲ್ಲೇ ಕೂತಿತ್ತು.

ಅವತ್ತು ಅಂಗಡಿ ಮುಚ್ಚಿ ಕಾಕಾ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು. ಕುರ್ಲಾದಲ್ಲಿ ಒಮ್ಮೆ, ದಾದರಿನಲ್ಲಿ ಒಮ್ಮೆ ಲೋಕಲ್ ಬದಲಿಸಿ ಅಂಧೇರಿ. ದಾರಿಯುದ್ದಕ್ಕೂ ಅವರು ಮೇಲ್‌ನ ಪ್ರತಿಗಳಿದ್ದ ಪ್ಲಾಸ್ಟಿಕ್ ಫೈಲನ್ನು ಎದೆಗೆ ಹಿಡಿದು ನಿಂತಿದ್ದರು. ಠಾಣೆಯಲ್ಲಿ ಮುಕಾದಮನನ್ನೂ ಕರೆಸಿದರು. ಅವನು ಹಾಳೆ ನೋಡಿ, ಝೆರಾಕ್ಸ್ ಅಂಗಡಿಯವನಿಗೆ ಇಂಥದ್ದು ತಯಾರು ಮಾಡುವುದೇನು ಕಷ್ಟ ಎಂದ. ಅಧಿಕಾರಿ ಕಾಕಾನನ್ನು ಮೇಲಿಂದ ಕೆಳಗೆ ನೋಡಿ, ಸತ್ತವನು ನಿಮಗೆ ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದರು:

“ಮರನೇವಾಲಾ ಆಪ್ ಕಾ ಕೌನ್ ಲಗತಾ ಹೈ?”

“ಗಿರಾಕ್ ಹೈ ಸಾಬ್” ಎಂದರು ಕಾಕಾ. “ಉಸ್ ಕಾ ಕಾಮ್ ಬಾಕೀ ಹೈ.” ಗಿರಾಕಿ, ಅವನ ಕೆಲಸ ಇನ್ನೂ ಬಾಕಿ ಇದೆ, ಅಷ್ಟೇ.

ಆಮೇಲೆ ಟೇಬಲ್ಲಿನ ಮೇಲಿದ್ದ ಕಂಪ್ಯೂಟರನ್ನು ಬಳಸಬಹುದೇ ಎಂದು ಕೇಳಿದರು. ಅಧಿಕಾರಿ ಕುರ್ಚಿ ಬಿಟ್ಟುಕೊಟ್ಟರು. ಕಾಕಾ ಕೂತು ಅಕೌಂಟು ತೆರೆದರು. ಅಪ್ಪನ ಮೇಲ್ ಒತ್ತಿದರು. ವಿಷಯದ ಸಾಲನ್ನು ನಾನು ಅವರ ಭುಜದ ಹಿಂದಿನಿಂದ ಓದಿದೆ: ‘ಗೌಂಡಿ ಅಣ್ಣ, ಮಗಳಿಗೆ ಕಂಪಾಸ್ ಪೆಟ್ಟಿಗೆ, ಗೇಟ್ ಪಾಸ್.’ ಆ ಕಂಪಾಸ್ ಪೆಟ್ಟಿಗೆ ಮನೆಯಲ್ಲಿ ನನ್ನ ಚೀಲದಲ್ಲಿತ್ತು. ಕೆಳಗೆ ಮುಕಾದಮನ ಉತ್ತರ, ಅವನ ಹೆಸರು, ಅವನ ಫೋನ್ ನಂಬರು. ಅವನು ತನ್ನ ಫೋನ್ ತೆಗೆದು ಯಾರಿಗೋ ಮಾತಾಡಬೇಕೆಂದು ಹೊರಗೆ ಹೋದ.

ಸಂಜೆಯ ಹೊತ್ತಿಗೆ ಹೊಸ ಹೇಳಿಕೆ ಬರೆದರು. ಕೆಲಸದ ಆಳು, ಕೆಲಸದ ವೇಳೆಯಲ್ಲಿ ಬಿದ್ದು ಮೃತ. ಕಾಕಾ ಅದನ್ನು ಕನ್ನಡ ಮಾಡಿ ಅಮ್ಮನಿಗೆ ಎರಡು ಸಲ ಓದಿ ಹೇಳಿದರು. ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ನಾಲ್ಕು ದಿನದಲ್ಲಿ ಮೊದಲ ಸಲ, ಬ್ಯಾಗಿನಲ್ಲಿದ್ದ ಬಿಸ್ಕತ್ತು ತಿಂದಳು. ಪರಿಹಾರವೂ ಆಮೇಲೆ ಬಂತು, ತಿರುಗಾಡಿಸಿಯೇ ಬಂತು.

ಅದೂ ಮುಗಿದ ಮೇಲೆ, ಹತ್ತನೆಯ ತರಗತಿಯ ಹಾಲ್ ಟಿಕೆಟಿನ ಝೆರಾಕ್ಸ್ ತೆಗೆಸಲು ಹೋದಾಗ ಕಾಕಾ ಮಷೀನಿನ ಮುಚ್ಚಳ ಎತ್ತುತ್ತಾ ಸಹಜವಾಗಿ ಕೇಳಿದರು.

“ತಂಗಿ, ಅಪ್ಪಂದು ಕೆಲಸಾತೇನು?”

ಆಗಿತ್ತು. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೂಂ ಎಂದರೆ ಸಾಕಿತ್ತು. ಅವರ ಬೆರಳು ಮೌಸಿನ ಮೇಲಿತ್ತು, ನನ್ನ ಕಣ್ಣು ಆ ಬೆರಳಿನ ಮೇಲಿತ್ತು. ನನಗೆ ಸುಮ್ಮನೆ ಹೆದರಿಕೆಯಾಯಿತು.

“ಇನ್ನೂ ಇಲ್ಲ ಕಾಕಾ” ಎಂದೆ.

ಅವರು ನನ್ನನ್ನು ಒಂದು ಸಲ ನೋಡಿದರು. “ಇರ್ಲಿ ಬಿಡು, ಕೂತಿರ್ಲಿ” ಎಂದು ಹಾಲ್ ಟಿಕೆಟಿನ ಪ್ರತಿಗಳನ್ನು ನನ್ನ ಕೈಗೆ ಕೊಟ್ಟರು. ಸತ್ತವರ ವಿಷಯದಲ್ಲಿ ಸುಳ್ಳು ಹೇಳಿದ್ದಕ್ಕೆ ಇನ್ಯಾರಾದರೂ ಆಗಿದ್ದರೆ ಬುದ್ಧಿ ಹೇಳುತ್ತಿದ್ದರು. ಕಾಕಾ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ರಜೆಯಲ್ಲಿ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಟೈಪು ಕಲಿತೆ. ಆ ಕಲಿಕೆಯಿಂದಲೇ ನನಗೆ ಅಂಧೇರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದು. ಅಲ್ಲಿ ಯಾವುದೋ ಹಳೆಯ ಮೇಲ್ ಬೇಕಾದರೆ ಎಲ್ಲರೂ ನನ್ನ ಟೇಬಲ್ಲಿಗೇ ಬರುತ್ತಾರೆ. ಅವತ್ತು ನಿಮಗೆ ಯಾರ ಮೇಲೆ ಸಿಟ್ಟು ಬಂದಿತ್ತು ಎಂದು ಕೇಳುತ್ತೇನೆ. ನಗುತ್ತಾರೆ. ಹತ್ತರಲ್ಲಿ ಎಂಟು ಸಲ ಸಿಗುತ್ತದೆ.

ಎಲ್ಲರ ಕೈಗೂ ಫೋನ್ ಬಂದ ಮೇಲೆ ಕಾಕಾನ ಅಂಗಡಿಗೆ ಹೋಗುವವರು ಕಡಿಮೆಯಾದರು. ತಮ್ಮ ಕಾಗದದ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಫೋನ್ ಕಳೆದಾಗ ಮಾತ್ರ ಕಾಕಾನ ನೆನಪಾಗುತ್ತಿತ್ತು. ಕಳೆದ ವರ್ಷ ಮಳೆಗಾಲ ಮುಗಿಯುವಾಗ ಅವರಿಗೆ ಜ್ವರ ಬಂತು, ಎದೆಗಿಳಿಯಿತು. ಆಸ್ಪತ್ರೆಯಲ್ಲಿ ನಾನು ಎರಡು ಸಲ ನೋಡಿದೆ. ಎರಡನೆಯ ಸಲ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿದ್ದರು. ಅದನ್ನೇ ನೋಡುತ್ತಾ, “ಟೋಪಿ ಬದಲಿ ಮಾಡ್ಯಾರ ನೋಡ” ಎಂದರು. ಮರುದಿನ ಇರಲಿಲ್ಲ. ಆಫೀಸಿಗೆ ರಜೆ ಹಾಕಿದೆ, ಸುಡುಗಾಡಿಗೆ ಹೋಗಿಬಂದೆ, ಸ್ನಾನ ಮಾಡಿದೆ, ಊಟವನ್ನೂ ಮಾಡಿದೆ.

ಕಾಕು ಊರಿನಿಂದ ಬಂದಿದ್ದರು. ಕಾರ್ಖಾನೆಯ ಕಾಲದ ಪೆನ್ಶನ್ನನ್ನು ಅವರ ಹೆಸರಿಗೆ ಮಾಡಿಸಲು ಮರಣ ಪ್ರಮಾಣಪತ್ರ ಕಳಿಸಬೇಕಿತ್ತು. ಅಂಗಡಿಯಲ್ಲೇ ಸ್ಕ್ಯಾನ್ ಮಾಡಿದೆ. ಗೋಡೆಯ ಮೇಲಿನ ಪಾಸ್‌ವರ್ಡು ಹಾಗೆಯೇ ಇತ್ತು. ಅವರ ಅಕೌಂಟಿನಿಂದಲೇ ಕಳಿಸಿದೆ, ಅವರಂತೆಯೇ ಒಂದು ಪ್ರತಿ ಅವರಿಗೂ ಹಾಕಿದೆ. ವಿಷಯದ ಸಾಲಿನಲ್ಲಿ ಏನು ಬರೆಯಬೇಕೆಂದು ಯೋಚಿಸಬೇಕಾಗಲಿಲ್ಲ. ‘ಝೆರಾಕ್ಸ್ ಕಾಕಾ, ಬೆರಳಿಗೆ ರಬ್ಬರ್ ಟೋಪಿ, ಪೆನ್ಶನ್.’

ಅಂಗಡಿ ಈಗ ಮೊಬೈಲ್ ರಿಪೇರಿಯವನದು. ಅಕೌಂಟು ನನ್ನ ಹತ್ತಿರವಿದೆ. ತಿಂಗಳಿಗೊಬ್ಬರು ಇಬ್ಬರು ಫೋನ್ ಮಾಡುತ್ತಾರೆ, ಕಾಗದ ಸಿಗ್ತಾವೇನ್ರಿ ಎಂದು. ಅವತ್ತು ಕೈಯಲ್ಲಿ ಏನು ಹಿಡಿದಿದ್ದಿರಿ ಎಂದು ಕೇಳಿ ಅಟ್ಟದಿಂದ ಇಳಿಸಿ ಕಳಿಸುತ್ತೇನೆ. ಪಡಸಾಲೆಯಲ್ಲಿ ಉಳಿದಿದ್ದವರಿಗೆಲ್ಲ ನಾನೇ ಫೋನ್ ಮಾಡಿ ಕೇಳಿದೆ. ಆಗಿದೆ ಎಂದವರದನ್ನೆಲ್ಲ ಮೇಲಕ್ಕೆ ಹಾಕಿದೆ.

ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುವಾಗ ಕಾಕುವಿನ ಫೋನ್ ಬಂತು.

“ತಂಗಿ, ಪೆನ್ಶನ್ ಬಂತವಾ. ಕೆಲಸಾತು. ನಿನಗ ಹೇಳಬೇಕಂತ ಮಾಡಿದೆ, ನಿಮ್ಮ ಕಾಕಾ ಇದ್ರ ಅದನ್ನ ಕೇಳ್ತಿದ್ರಲ್ಲ.”

ಒಳ್ಳೇದಾತು ಕಾಕು ಎಂದು ಫೋನ್ ಇಟ್ಟೆ. ಅಕೌಂಟು ತೆರೆದೆ. ಪಡಸಾಲೆಯಲ್ಲಿ ಎರಡೇ ಇದ್ದವು. ಮೇಲೆ ಕಾಕಾನದು, ಕೆಳಗೆ ಅಪ್ಪನದು. ನಡುವೆ ಇದ್ದವರೆಲ್ಲ ಕೆಲಸ ಮುಗಿಸಿಕೊಂಡು ಹೋಗಿದ್ದರು. ಬಾಯಿಬಿಟ್ಟು ಹೇಳಿಯಾಗಿದೆ, ಇನ್ನು ಅಟ್ಟಕ್ಕೆ ಏರಿಸಬೇಕು, ಅದೇ ಅವರ ಪದ್ಧತಿ. ಬೆರಳು ಮೌಸಿನ ಮೇಲಿಟ್ಟುಕೊಂಡು ಕೂತೆ. ಚಪಾತಿ ಆರಿತು.

“ಇನ್ನೂ ಇಲ್ಲ ಕಾಕಾ” ಎಂದೆ.

ಪಕ್ಕದ ಟೇಬಲ್ಲಿನವಳು ತಲೆಯೆತ್ತಿ, ಕ್ಯಾ ಹುವಾ ಎಂದಳು. ಕುಛ್ ನಹೀ ಎಂದು ಮೇಲ್ ಕಿಟಕಿ ಮುಚ್ಚಿ ಊಟಕ್ಕೆ ಕೂತೆ. ಇಬ್ಬರೂ ಅಲ್ಲೇ ಕೂತಿದ್ದಾರೆ.